ತಾತನ ಮಗ್ಗ, ಮೊಮ್ಮಗಳ ಲೆಕ್ಕ

ಸರ್ಜಾಪುರದ ಹಾದಿಯಲ್ಲಿ ಬೆಳಗಿನ ಹೊತ್ತು ಸಾಗುವವರಿಗೆ ಎರಡು ಲೋಕಗಳು ಒಟ್ಟಿಗೇ ಎದುರಾಗುತ್ತವೆ. ಒಂದೆಡೆ ಗಣಕೋದ್ಯಮದ ಸಂಸ್ಥೆಗಳಿಗೆ ನೌಕರರನ್ನು ಕರೆದೊಯ್ಯುವ ಬಸ್ಸುಗಳ ಸಾಲು, ಮುಗಿಲೆತ್ತರಕ್ಕೆ ಎದ್ದು ನಿಂತ ವಸತಿ ಸಮುಚ್ಚಯಗಳು. ಇನ್ನೊಂದೆಡೆ ಆನೇಕಲ್ ತಾಲ್ಲೂಕಿನ ಈ ಹಳೆಯ ಊರಿನ ಒಳಬೀದಿಗಳು, ಅಲ್ಲಿ ರೇಷ್ಮೆ ಸೀರೆ ನೇಯ್ದು ಬದುಕಿದ ಮನೆಗಳು. ಒಂದು ಲೋಕ ಇನ್ನೊಂದನ್ನು ಕಂಡೂ ಕಾಣದಂತೆ ದಾಟಿಹೋಗುತ್ತದೆ. ಇವೆರಡಕ್ಕೂ ನಂಟಿದೆಯೆಂದು ಯಾರಾದರೂ ಹೇಳಿದ್ದರೆ ನಾವು ನಂಬುತ್ತಿರಲಿಲ್ಲ. ಆದರೆ ಈಚೆಗೆ ಆ ಊರಿನ ಒಂದು ಮನೆಯಲ್ಲಿ ಕಳೆದ ಮಧ್ಯಾಹ್ನ ನಮ್ಮ ಕಣ್ಣು ತೆರೆಸಿತು.

ಪರಿಚಿತರೊಬ್ಬರು ನಮ್ಮನ್ನು ಆ ಮನೆಗೆ ಕರೆಸಿಕೊಂಡಿದ್ದರು. ಅವರ ಮಗಳು ಪಿಯುಸಿ ಎರಡನೆಯ ವರ್ಷದ ವಿದ್ಯಾರ್ಥಿನಿ. ಹೆಸರು ಬರೆಯಬೇಡಿ ಎಂದು ಅವಳೇ ಕೇಳಿಕೊಂಡಿರುವುದರಿಂದ ಹೆಸರಿಲ್ಲದೆಯೇ ಆಕೆಯ ವಿಷಯ ಹೇಳುತ್ತೇವೆ. ತಂದೆ ಖಾಸಗಿ ಸಂಸ್ಥೆಯೊಂದರಲ್ಲಿ ನೌಕರರು. ತಾತ ಬಹುಕಾಲ ಮಗ್ಗದ ಮುಂದೆ ಕುಳಿತು, ಈಗ ಕಣ್ಣು ಮಂಜಾದ ಮೇಲೆ ಕೆಲಸ ಬಿಟ್ಟವರು.

“ಓದುವುದರಲ್ಲಿ ಜಾಣೆ ಸಾರ್, ಅದರಲ್ಲಿ ಎರಡು ಮಾತಿಲ್ಲ,” ಎಂದರು ತಂದೆ. “ಆದರೆ ಸಿಇಟಿಗೆ ಓದುವುದು ಬಿಟ್ಟು ರಾಕೆಟ್ಟಿನ ಕಥೆ, ಯಂತ್ರಮಾನವರ ಕಥೆ ಹಿಡಿದು ಕೂರುತ್ತಾಳೆ. ಕೇಳಿದರೆ, ಬಿಇ ಬೇಡ, ಗಣಿತ ಓದುತ್ತೇನೆ ಅನ್ನುತ್ತಾಳೆ. ಈಗ ಯಂತ್ರವೇ ಎಲ್ಲ ಲೆಕ್ಕ ಮಾಡುತ್ತದಂತೆ, ಪ್ರೋಗ್ರಾಮನ್ನೂ ಅದೇ ಬರೆಯುತ್ತದಂತೆ. ಹಾಗಿರುವಾಗ ಗಣಿತ ಓದಿದರೆ ಹೊಟ್ಟೆ ತುಂಬುತ್ತದೆಯೇ? ನೀವಾದರೂ ನಾಲ್ಕು ಬುದ್ಧಿಮಾತು ಹೇಳಿ.”

ಬುದ್ಧಿಮಾತು ಹೇಳಲೆಂದೇ ನಾವು ಹೋದದ್ದು ನಿಜ. ತಂದೆಯ ಆತಂಕವೂ ಅಕಾರಣವಾದುದಲ್ಲ; ಮಕ್ಕಳ ಮುಂದಿನ ಬದುಕಿನ ಚಿಂತೆ ಹೆತ್ತವರಿಗಲ್ಲದೆ ಇನ್ನಾರಿಗೆ ಇರಬೇಕು? ಆದರೆ ಆ ಹುಡುಗಿ ತನ್ನ ನೋಟುಪುಸ್ತಕವನ್ನು ತಂದು ಮುಂದಿಟ್ಟಾಗ ನಮ್ಮ ಮಾತು ನಾಲಗೆಯ ಮೇಲೆಯೇ ಉಳಿಯಿತು.

ಕಥೆಯಿಂದ ಲೆಕ್ಕಕ್ಕೆ

ರಾಜಶೇಖರ ಭೂಸನೂರಮಠ ಅವರ ವೈಜ್ಞಾನಿಕ ಕಥೆಗಳಿಂದ ಆರಂಭವಾದ ಆಕೆಯ ಓದು ಆರ್ಥರ್ ಸಿ. ಕ್ಲಾರ್ಕ್ ಅವರವರೆಗೆ ಬಂದಿತ್ತು. ಕ್ಲಾರ್ಕ್ ಕಥೆಗಾರರಾಗಿ ಜಗತ್ಪ್ರಸಿದ್ಧರಾಗುವ ಮೊದಲೇ, 1945ರ ಅಕ್ಟೋಬರ್‌ನಲ್ಲಿ, ಇಂಗ್ಲೆಂಡಿನ ‘ವೈರ್‌ಲೆಸ್ ವರ್ಲ್ಡ್’ ಪತ್ರಿಕೆಯಲ್ಲಿ ಒಂದು ಲೇಖನ ಬರೆದಿದ್ದರು. ಭೂಮಿಯ ನಡುರೇಖೆಯ ಮೇಲೆ, ತಕ್ಕ ಎತ್ತರದಲ್ಲಿ ಒಂದು ಉಪಗ್ರಹವನ್ನು ಇರಿಸಿದರೆ ಅದು ದಿನಕ್ಕೆ ಸರಿಯಾಗಿ ಒಂದು ಸುತ್ತು ಬರುತ್ತದೆ. ಭೂಮಿಯೂ ಅಷ್ಟೇ ಹೊತ್ತಿನಲ್ಲಿ ತಿರುಗುವುದರಿಂದ ಉಪಗ್ರಹವು ನಮ್ಮ ತಲೆಯ ಮೇಲೆ ಒಂದೇ ಕಡೆ ನಿಂತಂತೆ ತೋರುತ್ತದೆ. ಅಂತಹ ಮೂರು ಉಪಗ್ರಹಗಳು ಇಡೀ ಜಗತ್ತಿಗೆ ವಾರ್ತೆಯನ್ನು ಮುಟ್ಟಿಸಬಲ್ಲವು ಎಂಬುದು ಅವರ ವಾದ. ಮನುಷ್ಯನು ಒಂದು ಉಪಗ್ರಹವನ್ನೂ ಹಾರಿಸದಿದ್ದ ಕಾಲವದು.

“ಆ ತಕ್ಕ ಎತ್ತರ ಎಷ್ಟು ಅಂತ ಪುಸ್ತಕದಲ್ಲಿ ಇತ್ತು ಸರ್. ಆದರೆ ಅದು ಹೇಗೆ ಬಂತು ಅಂತ ನಾನೇ ಮಾಡಿ ನೋಡಬೇಕು ಅನ್ನಿಸಿತು,” ಎಂದಳು ಹುಡುಗಿ.

ಆಕೆ ಮಾಡಿದ ಲೆಕ್ಕವನ್ನು ಓದುಗರ ಮುಂದೆ ಇಡುವುದು ಉಚಿತವೆಂದು ತೋರುತ್ತದೆ. ಭೂಮಿಯನ್ನು ಸುತ್ತುವ ಯಾವುದೇ ಕಾಯವು ಒಂದು ಸುತ್ತಿಗೆ ತೆಗೆದುಕೊಳ್ಳುವ ಕಾಲದ ವರ್ಗವು ಅದರ ದೂರದ ಘನಕ್ಕೆ ಅನುಪಾತದಲ್ಲಿರುತ್ತದೆ. ಇದು ಕೆಪ್ಲರನ ಮೂರನೆಯ ನಿಯಮ. ಪಿಯುಸಿ ಪಠ್ಯದಲ್ಲಿಯೇ ಇದೆ. ಚಂದ್ರನು ನಮ್ಮಿಂದ ಸುಮಾರು 3,84,400 ಕಿಲೋಮೀಟರ್ ದೂರದಲ್ಲಿದ್ದು 27.3 ದಿನಗಳಿಗೆ ಒಂದು ಸುತ್ತು ಬರುತ್ತಾನೆ. ನಮ್ಮ ಉಪಗ್ರಹ ಒಂದು ದಿನಕ್ಕೆ ಒಂದು ಸುತ್ತು ಬರಬೇಕು. 27.3ರ ವರ್ಗ ಸುಮಾರು 745. ಇದರ ಘನಮೂಲ ಎಷ್ಟೋ, ಚಂದ್ರನಿಗಿಂತ ಅಷ್ಟು ಪಾಲು ಹತ್ತಿರದಲ್ಲಿ ಉಪಗ್ರಹ ಇರಬೇಕು.

ಘನಮೂಲವನ್ನು ಕಂಡುಹಿಡಿಯಲು ಆಕೆ ಕ್ಯಾಲ್ಕುಲೇಟರ್ ಮುಟ್ಟಿರಲಿಲ್ಲ. ಮೊದಲು ಒಂದು ಊಹೆ: ಒಂಬತ್ತು. ಒಂಬತ್ತರ ಘನ 729, ಹದಿನಾರು ಕಡಿಮೆಯಾಯಿತು. ಈಗ ತಿದ್ದುಪಡಿ: ಒಂಬತ್ತರ ವರ್ಗದ ಮೂರರಷ್ಟು 243, ಹದಿನಾರನ್ನು ಅದರಿಂದ ಭಾಗಿಸಿದರೆ 0.066. ಅಲ್ಲಿಗೆ ಉತ್ತರ 9.066. ಚಂದ್ರನ ದೂರವನ್ನು ಇದರಿಂದ ಭಾಗಿಸಿದರೆ ಸುಮಾರು 42,400 ಕಿಲೋಮೀಟರ್. ಇದು ಭೂಮಿಯ ನಡುವಿನಿಂದ ಅಳೆದ ದೂರ. ಭೂಮಿಯ ತ್ರಿಜ್ಯವಾದ ಸುಮಾರು 6,400 ಕಿಲೋಮೀಟರನ್ನು ಕಳೆದರೆ 36,000. ವಿಜ್ಞಾನಿಗಳು ಕೊಡುವ ಎತ್ತರ 35,786 ಕಿಲೋಮೀಟರ್!

“ಅಪ್ಪಾ, ನಮ್ಮ ಮನೆ ಮೇಲಿನ ಡಿಶ್ ಮುಖ ಮಾಡಿರುವುದು ಇಷ್ಟು ಎತ್ತರಕ್ಕೇ,” ಎಂದು ಆಕೆ ತಂದೆಯ ಕಡೆ ತಿರುಗಿ ಹೇಳಿದಳು. ತಂದೆ ಅರೆಗಳಿಗೆ ಮೇಲೆ ನೋಡಿದರು, ಮಾತಾಡಲಿಲ್ಲ.

ಈ ಎತ್ತರಕ್ಕೂ ನಮ್ಮ ನಾಡಿಗೂ ಹಳೆಯ ನಂಟಿದೆ. ನಮ್ಮ ದೇಶವು ಆ ಕಕ್ಷೆಗೆ ಕಳುಹಿಸಿದ ಮೊದಲ ಪ್ರಾಯೋಗಿಕ ಸಂಪರ್ಕ ಉಪಗ್ರಹ ‘ಆಪಲ್’ 1981ರ ಜೂನ್ 19ರಂದು ಮೇಲೇರಿತು. ಅದನ್ನು ಪರೀಕ್ಷಿಸುವಾಗ ಲೋಹದ ವಾಹನ ಅಡ್ಡಿಯಾಗಬಾರದೆಂದು ಎತ್ತಿನ ಗಾಡಿಯ ಮೇಲೆ ಇರಿಸಿದ ಚಿತ್ರವನ್ನು ಕಂಡವರು ಮರೆಯಲಾರರು. ಮರುವರ್ಷ ಹಾಸನದಲ್ಲಿ ಇನ್ಸಾಟ್ ಉಪಗ್ರಹಗಳ ಮುಖ್ಯ ನಿಯಂತ್ರಣ ಕೇಂದ್ರ ಕಾರ್ಯಾರಂಭ ಮಾಡಿತು. 1945ರಲ್ಲಿ ಕಲ್ಪನೆಯಾಗಿದ್ದುದು ಮೂವತ್ತೇಳು ವರ್ಷಗಳಲ್ಲಿ ಹಾಸನದ ಜನರಿಗೆ ಉದ್ಯೋಗವಾಯಿತು. ಕಥೆ ಓದುವುದು ಕಾಲಹರಣವೆಂದು ನಾವು ಯಾವ ಬಾಯಿಂದ ಹೇಳೋಣ? ಕಥೆಯನ್ನು ಓದಿ ಅಲ್ಲಿಗೇ ನಿಲ್ಲಿಸಿದರೆ ಅದು ಮನರಂಜನೆ. ಓದಿದ ಮೇಲೆ ಪೆನ್ಸಿಲ್ ಹಿಡಿದು, ಇದು ನಿಜವಾಗಬಲ್ಲದೇ ಎಂದು ಕೇಳಿದರೆ ಅದು ವಿದ್ಯೆಯ ಆರಂಭ.

ರಟ್ಟಿನ ಪಟ್ಟಿಯ ಹಾದಿ

ಅಷ್ಟರಲ್ಲಿ ಒಳಗಿನಿಂದ ತಾತನವರು ಬಂದು ಕುಳಿತರು. ಊಹೆ ಮಾಡುವುದು, ತಪ್ಪನ್ನು ಅಳೆಯುವುದು, ತಿದ್ದುವುದು ಎಂಬ ಮೊಮ್ಮಗಳ ಮಾತನ್ನು ಕೇಳಿ, “ನಮ್ಮ ಕೆಲಸವೂ ಇದೇ ಅಲ್ಲವೇ,” ಎಂದರು. ಅವರ ಆ ಒಂದು ಮಾತು ನಮ್ಮನ್ನು ಬಹಳ ದೂರ ಕರೆದೊಯ್ದಿತು.

ಸೀರೆಯ ಸೆರಗಿನಲ್ಲಿ ಹೂಬಳ್ಳಿ ಮೂಡಬೇಕಾದರೆ ಹಾಸಿನ ಸಾವಿರಾರು ಎಳೆಗಳಲ್ಲಿ ಯಾವುದು ಮೇಲೇಳಬೇಕು, ಯಾವುದು ಕೆಳಗಿರಬೇಕು ಎಂಬುದನ್ನು ಹೊಕ್ಕಿನ ಒಂದೊಂದು ಎಳೆಗೂ ನಿರ್ಧರಿಸಬೇಕು. ಫ್ರಾನ್ಸಿನ ಲಿಯೋನ್ ನಗರದ ಜೋಸೆಫ್ ಮರಿ ಜಕಾರ್ಡ್ ಎಂಬಾತ 1804ರಲ್ಲಿ ಇದಕ್ಕೊಂದು ಉಪಾಯ ಮಾಡಿದ. ರಟ್ಟಿನ ಪಟ್ಟಿಗಳಲ್ಲಿ ತೂತು ಕೊರೆದು, ತೂತು ಇದ್ದಲ್ಲಿ ಎಳೆ ಮೇಲೇಳುವಂತೆಯೂ ಇಲ್ಲದಲ್ಲಿ ಕೆಳಗೇ ಉಳಿಯುವಂತೆಯೂ ಮಾಡಿದ. ಒಂದು ಪಟ್ಟಿ ಹೊಕ್ಕಿನ ಒಂದು ಎಳೆಗೆ ಅಪ್ಪಣೆ. ಪಟ್ಟಿಗಳ ಸರಮಾಲೆಯೇ ಇಡೀ ವಿನ್ಯಾಸ. ತಾತನವರ ಮಗ್ಗದ ಮೇಲೂ ಇದೇ ಜಕಾರ್ಡ್ ಇತ್ತು.

ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರಕ್ಕೆ ಅಪ್ಪಣೆ ಕೊಡಲು ಈ ತೂತಿನ ಪಟ್ಟಿಗಳನ್ನೇ ಬಳಸಬೇಕೆಂದು ಯೋಜಿಸಿದ. 1843ರಲ್ಲಿ ಏಡಾ ಲವ್‌ಲೇಸ್ ಎಂಬ ಮಹಿಳೆ ಆ ಯಂತ್ರದ ಬಗೆಗೆ ವಿಸ್ತಾರವಾದ ಟಿಪ್ಪಣಿಗಳನ್ನು ಬರೆದು, ಬರ್ನೂಲಿ ಸಂಖ್ಯೆಗಳನ್ನು ಅದರಿಂದ ಲೆಕ್ಕ ಹಾಕಿಸುವ ಕ್ರಮವನ್ನು ಹೆಜ್ಜೆಹೆಜ್ಜೆಯಾಗಿ ತೋರಿಸಿದಳು. ಮಗ್ಗ ಹೂವನ್ನು ನೇಯುವಂತೆ ಈ ಯಂತ್ರ ಬೀಜಗಣಿತವನ್ನು ನೇಯುತ್ತದೆಂಬ ಹೋಲಿಕೆ ಆಕೆಯದೇ. ಯಂತ್ರವು ತಾನಾಗಿ ಏನನ್ನೂ ಹುಟ್ಟಿಸದು, ನಾವು ಅಪ್ಪಣೆ ಕೊಡಬಲ್ಲುದನ್ನು ಮಾತ್ರ ಮಾಡುತ್ತದೆ ಎಂಬ ಎಚ್ಚರವೂ ಆಕೆಯದೇ. ಬ್ಯಾಬೇಜನ ಯಂತ್ರ ಪೂರ್ಣಗೊಳ್ಳಲೇ ಇಲ್ಲ. ಆದರೆ ತೂತಿನ ಪಟ್ಟಿಗಳು ಉಳಿದವು. 1890ರ ಅಮೆರಿಕದ ಜನಗಣತಿಯಲ್ಲಿ ಹರ್ಮನ್ ಹಾಲರಿತ್ ಅವುಗಳನ್ನು ಎಣಿಕೆಗೆ ಹಚ್ಚಿದ. ಆತನ ಉದ್ಯಮವೇ ಬೆಳೆದು, ಇತರ ಉದ್ಯಮಗಳೊಡನೆ ಸೇರಿ, ಮುಂದೆ ಐಬಿಎಂ ಸಂಸ್ಥೆಯಾಯಿತು. ಸರ್ಜಾಪುರದ ಒಳಬೀದಿಯ ಮಗ್ಗಕ್ಕೂ ಹೊರರಸ್ತೆಯ ಗಾಜಿನ ಕಟ್ಟಡಗಳಿಗೂ ಇರುವ ನಂಟು ಇದು.

ನಮ್ಮ ಓದುಗರಿಗೆ ಆಪ್ತವಾದ ಇನ್ನೊಂದು ಕೊಂಡಿಯೂ ಈ ಕಥೆಯಲ್ಲಿದೆ. ಇಟಲಿಯ ಯೇಸುಸಭೆಯ ಗುರು ರೊಬೆರ್ತೊ ಬೂಸಾ ಅವರು ಸಂತ ತೋಮಸ್ ಅಕ್ವಿನಾಸರ ಬರಹಗಳಲ್ಲಿ ಒಂದು ಚಿಕ್ಕ ಲ್ಯಾಟಿನ್ ಪದದ ಬಳಕೆಯನ್ನು ಅಧ್ಯಯನ ಮಾಡಲು ಸುಮಾರು ಹತ್ತು ಸಾವಿರ ಚೀಟಿಗಳನ್ನು ಕೈಯಲ್ಲಿಯೇ ಬರೆದವರು. ಒಂದು ಪದಕ್ಕೇ ಇಷ್ಟಾದರೆ ಎಲ್ಲ ಪದಗಳಿಗೆ ಎಷ್ಟು ಜನ್ಮ ಬೇಕು? 1949ರಲ್ಲಿ ಅವರು ನ್ಯೂಯಾರ್ಕಿಗೆ ಹೋಗಿ ಐಬಿಎಂ ಮುಖ್ಯಸ್ಥ ಥಾಮಸ್ ವಾಟ್ಸನ್ ಅವರನ್ನು ಕಂಡು ಯಂತ್ರಗಳ ನೆರವು ಕೇಳಿದರು. ಗಲ್ಲಾರಾತೆಯಲ್ಲಿ ಕೇಂದ್ರ ತೆರೆದು, ತರುಣಿಯರಿಗೆ ಪಟ್ಟಿ ಕೊರೆಯುವ ತರಬೇತಿ ಕೊಟ್ಟು, ಸುಮಾರು ಒಂದು ಕೋಟಿ ಪದಗಳಿಗೂ ಮೀರಿದ ಬರಹವನ್ನು ವರ್ಗೀಕರಿಸಿದರು. ಮೂರು ದಶಕಗಳ ದುಡಿಮೆ 1980ರಲ್ಲಿ 56 ಸಂಪುಟಗಳಾಗಿ ಮುಗಿಯಿತು. ಭಾಷೆಯ ಅಧ್ಯಯನಕ್ಕೆ ಗಣಕಯಂತ್ರವನ್ನು ಬಳಸಿದ ಆದ್ಯರಲ್ಲಿ ಈ ಗುರುಗಳಿಗೆ ಇಂದಿಗೂ ಮಾನ್ಯ ಸ್ಥಾನವಿದೆ. ಯಂತ್ರ ಅವರಿಗೆ ಪದಗಳನ್ನು ಹುಡುಕಿಕೊಟ್ಟಿತು. ಯಾವ ಪದವನ್ನು ಏಕೆ ಹುಡುಕಬೇಕೆಂಬ ಪ್ರಶ್ನೆ ಮಾತ್ರ ಅವರದೇ ಆಗಿತ್ತು.

ಒಂದು ಎಳೆ ತಪ್ಪಿದರೆ

“ಯಂತ್ರವೇ ಲೆಕ್ಕ ಮಾಡುವಾಗ ಮನುಷ್ಯನಿಗೆ ಗಣಿತ ಏಕೆ?” ಎಂಬ ತಂದೆಯ ಪ್ರಶ್ನೆ ಇನ್ನೂ ಉಳಿದಿತ್ತು. ಇದಕ್ಕೆ ಉತ್ತರವಾಗಿ ನಮಗೆ ನೆನಪಾದುದು ಒಂದು ದುರಂತ. 1991ರ ಫೆಬ್ರುವರಿ 25ರಂದು, ಕೊಲ್ಲಿ ಯುದ್ಧದ ವೇಳೆ, ಸೌದಿ ಅರೇಬಿಯಾದ ದಹ್ರಾನ್‌ನಲ್ಲಿ ಇರಾಕಿನ ಸ್ಕಡ್ ಕ್ಷಿಪಣಿಯೊಂದು ಅಮೆರಿಕದ ಸೈನಿಕರ ವಸತಿಯ ಮೇಲೆ ಬಿದ್ದು 28 ಮಂದಿ ಸತ್ತರು. ಅದನ್ನು ತಡೆಯಬೇಕಿದ್ದ ಪೇಟ್ರಿಯಟ್ ವ್ಯವಸ್ಥೆ ಅಲ್ಲಿಯೇ ಇತ್ತು. ಆದರೆ ಅದು ಆಕಾಶದ ತಪ್ಪು ಜಾಗವನ್ನು ನೋಡುತ್ತಿತ್ತು.

ಕಾರಣ ಕೇಳಿದರೆ ಎದೆ ಝಲ್ಲೆನ್ನುತ್ತದೆ. ಆ ಯಂತ್ರದ ಗಡಿಯಾರ ಸೆಕೆಂಡಿನ ಹತ್ತನೆಯ ಒಂದು ಭಾಗವನ್ನು ಎಣಿಸುತ್ತಿತ್ತು. ಹತ್ತನೆಯ ಒಂದು ನಮಗೆ ಸರಳ ಸಂಖ್ಯೆ. ಆದರೆ ಸೊನ್ನೆ ಮತ್ತು ಒಂದು ಎಂಬ ಎರಡೇ ಅಂಕಿಗಳಲ್ಲಿ ಬರೆಯುವ ಗಣಕಕ್ಕೆ ಅದು ಎಂದೂ ಮುಗಿಯದ ಸಾಲು. ಒಂದನ್ನು ಮೂರರಿಂದ ಭಾಗಿಸಿದಾಗ ನಮಗೆ 0.333 ಎಂದು ಕೊನೆಯಿಲ್ಲದೆ ಬರುವಂತೆ. ಯಂತ್ರ ಆ ಸಾಲಿನ ಬಾಲವನ್ನು ಕತ್ತರಿಸಿ ಇಟ್ಟುಕೊಂಡಿತು. ಒಂದೊಂದು ಎಣಿಕೆಯಲ್ಲಿ ಬಿಟ್ಟುಹೋದದ್ದು ಕೂದಲೆಳೆಗಿಂತಲೂ ಕಡಿಮೆ. ಆದರೆ ಯಂತ್ರವನ್ನು ನಿಲ್ಲಿಸದೆ ಸುಮಾರು ನೂರು ಗಂಟೆ ಓಡಿಸಿದಾಗ ತಪ್ಪು ಒಟ್ಟುಗೂಡಿ 0.34 ಸೆಕೆಂಡಾಯಿತು. ಅಷ್ಟು ಹೊತ್ತಿನಲ್ಲಿ ಸ್ಕಡ್ ಅರ್ಧ ಕಿಲೋಮೀಟರಿಗೂ ಹೆಚ್ಚು ದೂರ ಸಾಗಿರುತ್ತದೆ. ತಿದ್ದಿದ ಪ್ರೋಗ್ರಾಮ್ ದಹ್ರಾನಿಗೆ ತಲಪಿದ್ದು ಮರುದಿನ.

ನಾವು ಇದನ್ನು ಹೇಳಿ ಮುಗಿಸಿದಾಗ ಮೊದಲು ಮಾತಾಡಿದವರು ತಾತನವರು. “ಒಂದು ಎಳೆ ತಪ್ಪಿದರೆ ಅಲ್ಲೇ ಬಿಚ್ಚಬೇಕು. ಯಾರಿಗೆ ಕಾಣುತ್ತದೆ ಅಂತ ಬಿಟ್ಟರೆ ಸೆರಗು ಮುಗಿಯುವ ಹೊತ್ತಿಗೆ ಊರಿಗೆಲ್ಲ ಕಾಣುತ್ತದೆ.”

ಗಣಕ ಗಣಿತದ ಸಾರವನ್ನು ಇದಕ್ಕಿಂತ ಚೆನ್ನಾಗಿ ನಾವು ಹೇಳಲಾರೆವು. ಉತ್ತರ ಪಡೆಯುವುದು ಆ ವಿದ್ಯೆಯ ಅರ್ಧ ಮಾತ್ರ. ಆ ಉತ್ತರದಲ್ಲಿ ಎಷ್ಟು ತಪ್ಪಿದೆ, ಅದು ಬೆಳೆಯುತ್ತದೆಯೇ, ಎಲ್ಲಿ ಬಿಚ್ಚಬೇಕು ಎಂದು ತಿಳಿಯುವುದು ಉಳಿದ ಅರ್ಧ. ಇಂದು ಕೃತಕ ಬುದ್ಧಿಮತ್ತೆಯ ಯಂತ್ರಗಳು ಕೇಳಿದ ತಕ್ಷಣ ಉತ್ತರ ಕೊಡುತ್ತವೆ. ತಪ್ಪು ಉತ್ತರವನ್ನೂ ಅಷ್ಟೇ ನಿಸ್ಸಂಕೋಚವಾಗಿ ಕೊಡುತ್ತವೆ. ಉತ್ತರ ಅಗ್ಗವಾದ ಕಾಲದಲ್ಲಿ ಅದನ್ನು ಪರೀಕ್ಷಿಸಬಲ್ಲವರ ಬೆಲೆ ಏರುತ್ತದೆಯೇ ಹೊರತು ಇಳಿಯದು. 2025ರ ಮೇ ತಿಂಗಳಲ್ಲಿ ಆಯ್ಕೆಯಾದ ಜಗದ್ಗುರು ಹದಿನಾಲ್ಕನೆಯ ಲಿಯೋ ಅವರು ತಮ್ಮ ಹೆಸರಿನ ಕಾರಣವನ್ನು ಕಾರ್ಡಿನಲರಿಗೆ ವಿವರಿಸುವಾಗ ಕೃತಕ ಬುದ್ಧಿಮತ್ತೆಯು ದುಡಿಮೆಗೂ ಮಾನವ ಘನತೆಗೂ ಒಡ್ಡುವ ಸವಾಲನ್ನು ಪ್ರಸ್ತಾಪಿಸಿದರು. ಅವರು 1977ರಲ್ಲಿ ವಿಲನೋವಾ ವಿಶ್ವವಿದ್ಯಾನಿಲಯದಿಂದ ಪದವಿ ಪಡೆದದ್ದು ಗಣಿತದಲ್ಲಿ ಎಂಬುದನ್ನು ಇಲ್ಲಿ ನೆನೆಯಬಹುದು.

ವಿದ್ಯಾರ್ಥಿಗಳು ಬಿಡಿಸಿದ ಒಗಟು

ವಿದ್ಯಾರ್ಥಿ ದೆಸೆಯ ಹುಮ್ಮಸ್ಸು ಕ್ಷಣಿಕವೆಂದು ನಾವು ಹಿರಿಯರು ಸುಲಭವಾಗಿ ತಳ್ಳಿಹಾಕುತ್ತೇವೆ. ಹುಡುಗಿ ತನ್ನ ಮೇಜಿನ ಗೋಡೆಗೆ ಅಂಟಿಸಿದ್ದ ಮೂರು ಹೆಸರುಗಳು ಬೇರೆಯದನ್ನೇ ಹೇಳುತ್ತಿದ್ದವು: ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ.

ಒಂದು ಸಂಖ್ಯೆ ಅವಿಭಾಜ್ಯವೇ ಅಲ್ಲವೇ ಎಂದು ತಿಳಿಯುವುದು ಹೇಗೆ? ಹದಿಮೂರಾದರೆ ಮಗುವೂ ಹೇಳುತ್ತದೆ. ನೂರು ಅಂಕಿಗಳ ಸಂಖ್ಯೆಯಾದರೆ? ಒಂದೊಂದರಿಂದ ಭಾಗಿಸುತ್ತ ಹೋದರೆ, ಜಗತ್ತಿನ ಅತಿ ವೇಗದ ಗಣಕವನ್ನು ಹಚ್ಚಿದರೂ ವಿಶ್ವದ ಈವರೆಗಿನ ಆಯುಷ್ಯ ಸಾಲದು. ವೇಗವಾದ ಪರೀಕ್ಷೆಗಳೇನೋ ಇದ್ದವು; ಆದರೆ ಅವುಗಳಲ್ಲಿ ಕೆಲವು ‘ಬಹುಶಃ’ ಎನ್ನುತ್ತಿದ್ದವು, ಕೆಲವು ಸಾಧಿಸದೆ ಬಿಟ್ಟ ಊಹೆಗಳನ್ನು ನೆಚ್ಚಿಕೊಂಡಿದ್ದವು. ಅನುಮಾನಕ್ಕೆಡೆಯಿಲ್ಲದೆ, ಅಂಕಿಗಳು ಹೆಚ್ಚಿದರೂ ಹೆಜ್ಜೆಗಳು ಮಿತಿಮೀರದೆ, ಎಲ್ಲ ಸಂಖ್ಯೆಗಳಿಗೂ ಸಲ್ಲುವ ವಿಧಾನ ಇದೆಯೇ ಎಂಬುದು ಘಟಾನುಘಟಿಗಳನ್ನು ಕಾಡಿದ ಪ್ರಶ್ನೆ. 2002ರ ಆಗಸ್ಟಿನಲ್ಲಿ ಕಾನ್ಪುರದ ಐಐಟಿಯಿಂದ ಒಂಬತ್ತು ಪುಟಗಳ ಉತ್ತರ ಬಂದಿತು. ಅಗ್ರವಾಲ್ ಅಧ್ಯಾಪಕರು, ಕಯಾಲ್ ಮತ್ತು ಸಕ್ಸೇನಾ ಅದೇ ವರ್ಷ ಬಿಟೆಕ್ ಮುಗಿಸಿದ ಹುಡುಗರು! ಅದಕ್ಕೂ ಹಿಂದಿನ ವರ್ಷ ಇನ್ನಿಬ್ಬರು ವಿದ್ಯಾರ್ಥಿಗಳು ಅದೇ ದಾರಿಯಲ್ಲಿ ಸ್ವಲ್ಪ ದೂರ ನಡೆದು ಬಿಟ್ಟುಕೊಟ್ಟಿದ್ದರು. ಇವರು ಅಲ್ಲಿಂದ ಮುಂದುವರಿದರು. ಈ ಸಾಧನೆಗೆ 2006ರಲ್ಲಿ ಗೋಡೆಲ್ ಪ್ರಶಸ್ತಿ ಸಂದಿತು. ಕಯಾಲ್ ಮುಂದೆ ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರ ಸೇರಿದರು. 2021ರಲ್ಲಿ ಗಣಿತ ವಿಭಾಗದ ಇನ್ಫೋಸಿಸ್ ಪ್ರಶಸ್ತಿ ಪಡೆದರು. ಗಣಿತ ಓದಿದವರಿಗೆ ಅನ್ನವಿಲ್ಲವೆಂಬ ಮಾತಿಗೆ ನಮ್ಮ ನಗರದಲ್ಲಿಯೇ ಉತ್ತರವಿದೆ.

ಎಲ್ಲರೂ ಕಯಾಲ್ ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಹುಡುಗಿಗೂ ನಾವು ಒಂದು ಮಾತು ಹೇಳದೆ ಬಿಡಲಿಲ್ಲ. ಒಂಬತ್ತು ಪುಟಗಳ ಆ ಲೇಖನದ ಹಿಂದೆ ವ್ಯರ್ಥವಾದ ಎಷ್ಟೋ ಪುಟಗಳಿರುತ್ತವೆ. ಹೊಸ ತಂತ್ರಜ್ಞಾನದ ಸುದ್ದಿಗೆ ರೋಮಾಂಚನಗೊಳ್ಳುವುದು ಸುಲಭ. ಸಾಧನೆ ತಪ್ಪಿದ ಸಂಜೆ ಮತ್ತೆ ಪುಟ ತಿರುವುವುದು ಕಷ್ಟ. ಅದಕ್ಕೆ ತಾತನ ತಾಳ್ಮೆ ಬೇಕು. ಪರೀಕ್ಷೆಗಳನ್ನು ತಾತ್ಸಾರ ಮಾಡುವುದೂ ಸಲ್ಲದು. ಅವು ಬಾಗಿಲುಗಳು, ಅಷ್ಟೇ. ಬಾಗಿಲನ್ನು ದಾಟದೆ ಒಳಮನೆ ಸಿಗದು.

ತಂದೆಗೆ ನಾವು ಹೇಳಿದ್ದು ಇಷ್ಟು: ಬಿಇ ಅಥವಾ ಗಣಿತ ಎಂಬ ಎರಡೇ ದಾರಿಗಳಿವೆ ಎಂದು ಭಾವಿಸಬೇಡಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 2022ರಲ್ಲಿ ಗಣಿತ ಮತ್ತು ಗಣನೆ ಎರಡನ್ನೂ ಕೂಡಿಸಿದ ಬಿಟೆಕ್ ಪದವಿಯನ್ನೇ ಆರಂಭಿಸಿದೆ. ಮೈಸೂರು ರಸ್ತೆಯಲ್ಲಿರುವ ಭಾರತೀಯ ಸಂಖ್ಯಾಶಾಸ್ತ್ರೀಯ ಸಂಸ್ಥೆಯಲ್ಲಿ ಗಣಿತಕ್ಕೆಂದೇ ಪದವಿಯಿದೆ. ಅದಕ್ಕೆ ಪ್ರವೇಶ ಪರೀಕ್ಷೆಯಿದೆ. ಸರ್ಜಾಪುರದ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾನಿಲಯ ಮನೆಯಿಂದ ಕೂಗಳತೆಯಲ್ಲಿದೆ. ಅಲ್ಲಿಯೂ ಗಣಿತ ಕಲಿಸುತ್ತಾರೆ. ಸಿಇಟಿಯನ್ನೂ ಬರೆಯಲಿ, ಇವುಗಳಿಗೂ ಪ್ರಯತ್ನಿಸಲಿ. ಸೀಟು ಸಿಗದಿದ್ದರೆ ನಷ್ಟವೇನಿಲ್ಲ. ಕೇಳುವ ಮೊದಲೇ ಬಾಗಿಲು ಮುಚ್ಚಿದರೆ ಆ ನಷ್ಟವನ್ನು ತುಂಬಿಕೊಡುವವರಿಲ್ಲ.

ತಂದೆ ತಕ್ಷಣ ಒಪ್ಪಿದರೆಂದು ಬರೆದರೆ ಸುಳ್ಳಾದೀತು. ಕಾಫಿ ಆರುವ ತನಕ ಅವರು ಸುಮ್ಮನೆ ಕುಳಿತಿದ್ದರು. ನಾವು ಹೊರಟು ಚಪ್ಪಲಿ ಮೆಟ್ಟುತ್ತಿದ್ದಾಗ, ಮಗಳ ಕಡೆ ನೋಡದೆಯೇ, “ಆ ಮೈಸೂರು ರಸ್ತೆಯದ್ದಕ್ಕೆ ಅರ್ಜಿ ಹಾಕಲು ಕೊನೆಯ ದಿನ ಯಾವಾಗಂತೆ?” ಎಂದು ಕೇಳಿದರು. ಉತ್ತರ ಹುಡುಗಿಯ ಬಾಯಲ್ಲಿ ಸಿದ್ಧವಾಗಿಯೇ ಇತ್ತು.

ಓದುಗ ಬಂಧುಗಳೇ, ನಿಮ್ಮ ಮನೆಯಲ್ಲಿಯೂ ಇಂತಹ ಒಂದು ನೋಟುಪುಸ್ತಕ ಇದ್ದೀತು. ಬುದ್ಧಿಮಾತು ಹೇಳುವ ಮುನ್ನ ಒಮ್ಮೆ ಅದನ್ನು ತೆರೆದು ನೋಡಿ.